ಪಟ್ಟಿಯಲ್ಲಿ ಯಾರು ಯಾರ ಕೆಳಗೆ?

2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಪ್ರಕರಣದ 2ನೇ ಉಪಪ್ರಕರಣದಲ್ಲಿ 13 ಸೌಕರ್ಯಗಳ ಒಂದು ಪಟ್ಟಿ ಇದೆ. ಶಾಲೆ, ದವಾಖಾನೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕದ ತಂತಿ ಎಂದು ಶುರುವಾಗಿ, ಕುಡಿಯುವ ನೀರು, ಸಣ್ಣ ನೀರಾವರಿ ಕಾಲುವೆಗಳನ್ನು ದಾಟಿ, ರಸ್ತೆ ಹಾಗೂ ಸಮುದಾಯ ಭವನದಲ್ಲಿ ಅದು ಮುಗಿಯುತ್ತದೆ. ಇವಿಷ್ಟಕ್ಕೆ ಅರಣ್ಯ ಭೂಮಿ ಬಿಟ್ಟುಕೊಡಬಹುದು, ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯುವಂತಿಲ್ಲ ಎನ್ನುತ್ತದೆ ಕಾಯ್ದೆ. ಪಟ್ಟಿ ಮುಗಿದೊಡನೆ ‘ಪರಂತು’ ಎಂದು ಇನ್ನೊಂದು ಮಾತು ಬರುತ್ತದೆ. ಅದರಡಿ ಎರಡು ಷರತ್ತು: ಒಂದೊಂದು ಕೆಲಸಕ್ಕೂ ಬಿಟ್ಟುಕೊಡುವ ಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಆ ಕೆಲಸಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡಿನೊಳಗಿನ ಊರುಗಳಿಗೂ ಹಳಿಯಾಳ, ಮುಂಡಗೋಡ, ದಾಂಡೇಲಿಯ ಅರಣ್ಯದಂಚಿನ ಊರುಗಳಿಗೂ ಇದು ದೂರದ ಕಾನೂನಲ್ಲ. ಊರಿಗೆ ಬೇಕಾದ ರಸ್ತೆ, ಕಂಬಕ್ಕೆ ಬೇಕಾದ ತಂತಿ ಎರಡೂ ಈ ಪಟ್ಟಿಯೊಳಗಿವೆ.

ಈ ಭಾಗವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ನೋಡಿ. 1, 2, 3 ಎಂದು ಬರೆಯುತ್ತ ಹೋದಂತೆ ಎಡಿಟರ್ (ಬರೆಯುವ ತಂತ್ರಾಂಶ) ತಾನೇ ಮುಂದಿನ ಸಂಖ್ಯೆ ಹಾಕಿಕೊಡುತ್ತದೆ. 13ನೆಯದಾದ ಸಮುದಾಯ ಭವನವನ್ನು ಬರೆದು ಎಂಟರ್ ಒತ್ತಿದಿರೋ, 14 ಬಂದು ಕೂರುತ್ತದೆ. ಅದರ ಮುಂದೆಯೇ ‘ಪರಂತು’ ಟೈಪ್ ಮಾಡಿದರೆ ಷರತ್ತು ಹದಿನಾಲ್ಕನೆಯ ಸೌಕರ್ಯವಾಗುತ್ತದೆ. ಅದು ಸರಿಯಿಲ್ಲವೆಂದು ಟ್ಯಾಬ್ ಒತ್ತಿ ಒಳಕ್ಕೆ ಸರಿಸಿದರೆ ಷರತ್ತು ಸಮುದಾಯ ಭವನದ ಕೆಳಗೆ ಹೋಗಿ ನಿಲ್ಲುತ್ತದೆ. ಒಂದು ಹೆಕ್ಟೇರಿನ ಮಿತಿ, ಗ್ರಾಮಸಭೆಯ ಶಿಫಾರಸು ಎರಡೂ ಭವನಕ್ಕೆ ಮಾತ್ರ, ರಸ್ತೆಗಲ್ಲ ಎಂದು ಓದಿಸಿಕೊಳ್ಳುತ್ತದೆ. ನಿಜವಾಗಿ ಅದು ಪಟ್ಟಿಯ ಹೊರಗೆ, ಪಟ್ಟಿಯನ್ನು ಆರಂಭಿಸಿದ ವಾಕ್ಯದ ನೇರಕ್ಕೆ ನಿಲ್ಲಬೇಕು. ಹದಿಮೂರಕ್ಕೂ ಅದು ಅನ್ವಯ. ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಎಡಗಡೆಯ ಒಂದು ಬೆರಳಗಲದ ಖಾಲಿ ಜಾಗ. ಗ್ರಾಮಸಭೆಯ ಅಧಿಕಾರ ಇರುವುದೋ ಇಲ್ಲವೋ ಎಂಬುದು ಆ ಖಾಲಿ ಜಾಗದ ಮೇಲೆ ನಿಂತುಬಿಟ್ಟಿತು.

ಕಾಯ್ದೆ ಬರೆದವರಿಗೆ ಈ ಅಪಾಯ ಗೊತ್ತಿದ್ದಂತಿದೆ. ಹಾಗಾಗಿ ಷರತ್ತಿನೊಳಗೇ ‘ಈ ಉಪಪ್ರಕರಣದಲ್ಲಿ ಹೇಳಿದ ಉದ್ದೇಶಗಳಿಗೆ’ ಎಂಬ ಅರ್ಥದ ಮಾತು ಸೇರಿಸಿ ಭದ್ರ ಮಾಡಿದ್ದಾರೆ. ಅದೇ ಕಾಯ್ದೆಯ 2ನೇ ಪ್ರಕರಣದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಸಿಗುತ್ತದೆ. ‘ಇತರ ಪಾರಂಪರಿಕ ಅರಣ್ಯವಾಸಿ’ ಯಾರೆಂದು ಹೇಳುವ ‘ಒ’ ಖಂಡದ ಕೆಳಗೆ ಒಂದು ವಿವರಣೆ ಇದೆ: ಒಂದು ತಲೆಮಾರಿಗೆ 25 ವರ್ಷ. 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು ಎಂಬ ಮಾತಿಗೆ ಇದನ್ನು ಕೂಡಿಸಿದಾಗಲೇ ಉತ್ತರ ಕನ್ನಡದ ಸಾವಿರಾರು ಕುಟುಂಬಗಳನ್ನು ಕಾಡುತ್ತಿರುವ 75 ವರ್ಷದ ದಾಖಲೆಯ ಪ್ರಶ್ನೆ ಹುಟ್ಟುವುದು. ಈ ವಿವರಣೆ ‘ಒ’ ಖಂಡಕ್ಕೆ ಮಾತ್ರ ಸೇರಿದ್ದು. ಅದರ ನಂತರ ‘ಪಿ’, ‘ಕ್ಯೂ’ ಎಂಬ ಇನ್ನೂ ಎರಡು ಖಂಡಗಳಿವೆ. ನೋಡಲು ಆ ‘ಪರಂತು’, ಈ ವಿವರಣೆ ಎರಡೂ ಒಂದೇ ಬಗೆಯವು: ಪಟ್ಟಿಯ ಒಂದು ಸಾಲು ಮುಗಿದ ಮೇಲೆ ಬರುವ, ಸಂಖ್ಯೆಯಿಲ್ಲದ ಪ್ಯಾರಾಗಳು. ಒಂದು ಇಡೀ ಪಟ್ಟಿಗೆ ಸೇರಬೇಕು, ಇನ್ನೊಂದು ತನ್ನ ಮೇಲಿನ ಒಂದೇ ಸಾಲಿಗೆ. ಎಂಟರ್ ಒತ್ತಿದಾಗ ಬರಹಗಾರನ ಮನಸ್ಸಿನಲ್ಲಿರುವುದು ಯಾವುದು ಎಂದು ಎಡಿಟರ್ ಹೇಗೆ ತಿಳಿಯಬೇಕು? ಎಡಿಟರ್ ತಯಾರಿಸುವವರ ನಡುವೆ ಇಪ್ಪತ್ತು ವರ್ಷಗಳಿಂದ ಮುಗಿಯದ ಚರ್ಚೆಯ ತಿರುಳು ಇದೇ. ಹೊರಗಿನವರಿಗೆ ಅದು ‘ಎರಡು ಸ್ಪೇಸೋ ನಾಲ್ಕು ಸ್ಪೇಸೋ’ ಎಂಬ ಕ್ಷುಲ್ಲಕ ಜಗಳದಂತೆ ಕಾಣುತ್ತದೆ. ನನಗೆ ಅದು ಹಾಗೆ ಕಾಣುವುದಿಲ್ಲ.

ಪಟ್ಟಿಯ ಒಂದು ಸಾಲಿನಲ್ಲಿ ಎರಡು ಭಾಗ: ಮೊದಲು ಗುರುತು, ಅಂದರೆ ಚುಕ್ಕೆ, ಅಡ್ಡಗೆರೆ ಅಥವಾ ಅಂಕಿ; ಆಮೇಲೆ ಮಾತು. ಮಾತು ಉದ್ದವಾಗಿ ಎರಡನೆಯ ಸಾಲಿಗೆ ಇಳಿದರೆ ಅದು ಗುರುತಿನ ಕೆಳಗೆ ಬರಬಾರದು, ಮೇಲಿನ ಮಾತಿನ ಕೆಳಗೆ ಬರಬೇಕು. ಆಗ ಎಡ ಅಂಚಿನಲ್ಲಿ ಗುರುತುಗಳು ಮಾತ್ರ ಒಂದರ ಕೆಳಗೊಂದು ನಿಂತು, ಕಣ್ಣು ಅವುಗಳ ಮೇಲೆ ಸರಾಗವಾಗಿ ಇಳಿಯುತ್ತದೆ. ಒಳಪಟ್ಟಿ ಬಂದಾಗ ಅದರ ಗುರುತು ಮೇಲಿನ ಮಾತು ಶುರುವಾದ ನೇರಕ್ಕೆ ಬರುತ್ತದೆ. ಗದ್ದೆಯ ಬದುವಿನಲ್ಲಿ ಬೆಳೆ ಇಲ್ಲ, ಆದರೆ ಇದು ಯಾರ ಗದ್ದೆ ಎಂದು ಹೇಳುವುದು ಬದುವೇ. ಈ ಖಾಲಿ ಜಾಗದ ಕೆಲಸವೂ ಅಷ್ಟೇ.

ಟೈಪ್‌ರೈಟರ್ ಕಾಲದಲ್ಲಿ ಬದು ಹಾಕುವವರು ಟೈಪಿಸ್ಟ್. ಟ್ಯಾಬ್ ಎಲ್ಲಿ ನಿಲ್ಲಬೇಕೆಂದು ಅವರೇ ಹೊಂದಿಸುತ್ತಿದ್ದರು, ಒಮ್ಮೆ ಹಾಳೆಗೆ ಬಿದ್ದದ್ದು ಅಲ್ಲೇ ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಎರಡು ದಾರಿಗಳಾದವು. ವರ್ಡ್‌ನಂಥ ತಂತ್ರಾಂಶಗಳು ಪಟ್ಟಿಯ ಹಂತವನ್ನು ಒಳಗೆ ಬೇರೆಯಾಗಿ ಬರೆದಿಟ್ಟುಕೊಂಡು, ಜಾಗವನ್ನು ತೋರಿಕೆಗೆ ಮಾತ್ರ ಬಿಡುತ್ತವೆ. ಇನ್ನೊಂದು ದಾರಿ ಸಾದಾ ಪಠ್ಯದ್ದು. ಅಲ್ಲಿ ಕಡತದಲ್ಲಿರುವುದು ಅಕ್ಷರ ಮತ್ತು ಖಾಲಿ ಜಾಗ ಅಷ್ಟೇ; ಜಾಗವನ್ನು ಎಣಿಸಿ ಹಂತವನ್ನು ಊಹಿಸಬೇಕು. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಬರವಣಿಗೆಯ ಪದ್ಧತಿ ಈ ಎರಡನೆಯ ದಾರಿಯದು. ಒಂದು ಸಾಲಿನೊಳಗೆ ಇನ್ನೊಂದು ಪ್ಯಾರಾ ಬೇಕಿದ್ದರೆ ನಾಲ್ಕು ಸ್ಪೇಸ್ ಅಥವಾ ಒಂದು ಟ್ಯಾಬ್ ಬಿಡಿ ಎಂದಿತ್ತು ಅದರ ನಿಯಮ. ಜನ ಎರಡು ಬಿಟ್ಟರು, ಮೂರು ಬಿಟ್ಟರು. ಕೆಲವು ತಂತ್ರಾಂಶಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಒಂದೇ ಕಡತ ಒಂದು ಕಡೆ ಒಳಪಟ್ಟಿಯಾಗಿ, ಇನ್ನೊಂದು ಕಡೆ ಚಪ್ಪಟೆ ಪಟ್ಟಿಯಾಗಿ ಕಾಣತೊಡಗಿತು. ಈ ಗೊಂದಲ ಬಿಡಿಸಲು 2014ರಲ್ಲಿ ಜಾನ್ ಮ್ಯಾಕ್‌ಫಾರ್ಲೇನ್, ಜೆಫ್ ಅಟ್‌ವುಡ್ ಮೊದಲಾದವರು ಕಾಮನ್‌ಮಾರ್ಕ್ ಎಂಬ ನಿಖರ ನಿಯಮಾವಳಿಯನ್ನು ಹೊರತಂದರು. ಅದರ ಪ್ರಕಾರ ಎಷ್ಟು ಸ್ಪೇಸ್ ಎಂಬುದಕ್ಕೆ ನಿಗದಿತ ಅಂಕಿ ಇಲ್ಲ. ಮೇಲಿನ ಸಾಲಿನ ಮಾತು ಎಲ್ಲಿ ಶುರುವಾಗಿದೆಯೋ ಅಲ್ಲಿಗೆ ಬಂದರೆ ಸಾಕು. ‘1.’ ಎಂಬುದರ ಕೆಳಗೆ ಮೂರು, ‘10.’ ಎಂಬುದರ ಕೆಳಗೆ ನಾಲ್ಕು.

ಈ ಎರಡು ನಿಯಮಗಳಲ್ಲಿ ನನಗೆ ಒಪ್ಪಿಗೆಯಾಗುವುದು ಕಾಮನ್‌ಮಾರ್ಕ್‌ನದು. ಕಣ್ಣಿಗೆ ಕಾಣುವ ನೇರವೇ ನಿಯಮವಾದರೆ ಓದುವವನಿಗೂ ಯಂತ್ರಕ್ಕೂ ಒಂದೇ ಅರ್ಥ ಸಿಗುತ್ತದೆ. ಆದರೆ ಇದೇ ನಿಯಮಾವಳಿಯಲ್ಲಿ ಕನ್ನಡಿಗರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಸಂಖ್ಯೆಯ ಪಟ್ಟಿ ಎಂದು ಅದು ಗುರುತಿಸುವುದು 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ. ‘೧.’ ಎಂದು ಬರೆದರೆ ಅದು ಪಟ್ಟಿಯೇ ಅಲ್ಲ, ಬರೀ ವಾಕ್ಯ. ‘ಅ)’, ‘ಆ)’ ಕೂಡ ಹಾಗೆಯೇ. ಎಂಟರ್ ಒತ್ತಿದಾಗ ‘೨.’ ತಾನಾಗಿ ಬರದಿರುವುದಷ್ಟೇ ತೊಂದರೆಯಲ್ಲ. ಅದರ ಕೆಳಗೆ ನೀವು ಒಳಕ್ಕೆ ಸರಿಸಿ ಬರೆದ ಒಳಪಟ್ಟಿಗೆ ತಾಯಿಯೇ ಇಲ್ಲದಂತಾಗುತ್ತದೆ. ಎರಡನೆಯದು ಇನ್ನೂ ಗಂಭೀರ. ಪಟ್ಟಿಯ ಮೊದಲ ಸಂಖ್ಯೆಯನ್ನಷ್ಟೇ ಅದು ನಂಬುತ್ತದೆ, ಉಳಿದವನ್ನು ತಾನೇ ಎಣಿಸಿ ಹಾಕುತ್ತದೆ. ನೀವು 3, 5, 7 ಎಂದು ಬರೆದರೆ ಓದುಗನಿಗೆ ಕಾಣುವುದು 3, 4, 5.

ಸಂತೆಯ ಸಾಮಾನಿನ ಚೀಟಿಯಲ್ಲಿ ಇದರಿಂದ ನಷ್ಟವಿಲ್ಲ. ಆದರೆ ನಮ್ಮ ಕಡೆಯ ಕಾಗದಪತ್ರಗಳಲ್ಲಿ ಸಂಖ್ಯೆ ಎಷ್ಟೋ ಸಲ ಎಣಿಕೆಯಲ್ಲ, ಹೆಸರು. ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ ಊರುಗಳಿಗೆ ಕ್ಯಾಂಪ್ ನಂಬರುಗಳೇ ಹೆಸರು; ಗಾಂದೆನ್ ಮಠ ಇರುವುದು ಲಾಮಾ ಕ್ಯಾಂಪ್ ನಂ. 1, ಡ್ರೆಪುಂಗ್ ಇರುವುದು ಲಾಮಾ ಕ್ಯಾಂಪ್ ನಂ. 2. ಲಸಿಕೆ ಹಾಕಬೇಕಾದ ಕ್ಯಾಂಪುಗಳು 3, 6, 8 ಎಂದು ಯಾರಾದರೂ ಬರೆದರೆ ಅದನ್ನು 3, 4, 5 ಮಾಡುವ ಹಕ್ಕು ಯಾವ ಎಡಿಟರಿಗೂ ಇಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಎಂಬ ಪ್ರಕರಣಗಳನ್ನು ಮನೆ ಜಾಗದ ಅರ್ಜಿ ಹಾಕಿದವರೆಲ್ಲ ಬಲ್ಲರು. 94 ಮತ್ತು 95ರ ನಡುವೆ ಹೊಸ ಪ್ರಕರಣ ಸೇರಿದಾಗ 95ನ್ನು 96 ಮಾಡಲಿಲ್ಲ, ಅಕ್ಷರ ಸೇರಿಸಿ ಜಾಗ ಮಾಡಿಕೊಂಡರು. ಏಕೆಂದರೆ 95 ಎಂಬ ಹೆಸರನ್ನು ನೂರಾರು ಆದೇಶಗಳು, ತೀರ್ಪುಗಳು ಆಗಲೇ ಹಿಡಿದುಕೊಂಡಿರುತ್ತವೆ. ಪಹಣಿಯ ಸರ್ವೆ ನಂಬರೂ ಹೀಗೆಯೇ. 12ನೇ ಸರ್ವೆ ನಂಬರು ಪಾಲಾದರೆ 12/1, 12/2 ಎಂಬ ಹಿಸ್ಸಾಗಳಾಗುತ್ತವೆ, ಅದರಲ್ಲೊಂದು ಮತ್ತೆ ಪಾಲಾದರೆ ಇನ್ನೊಂದು ಗುರುತು ಸೇರುತ್ತದೆ. ಒಂದು ಒಳಕ್ಕೆ ಸರಿದ ಪಟ್ಟಿಯನ್ನೇ ನೆಲದ ಮೇಲೆ ಬರೆದಂತಿರುವ ಈ ವ್ಯವಸ್ಥೆಗೆ ಖಾಲಿ ಜಾಗದ ಹಂಗಿಲ್ಲ. ತಾಯಿ ಯಾರು, ಮಗು ಯಾವುದು ಎಂಬುದು ಗುರುತಿನಲ್ಲೇ ಇದೆ. ಕಾಗದ ಹರಿದು ಒಂದೇ ಸಾಲು ಉಳಿದರೂ ಅದು ಎಲ್ಲಿಯದೆಂದು ಹೇಳಬಹುದು.

ಒಂದೇ ಸಂಖ್ಯೆಯ ಒಳಗೆ ಸೇರುವುದಕ್ಕೂ ಹೊಸ ಸಂಖ್ಯೆ ಪಡೆಯುವುದಕ್ಕೂ ಎಷ್ಟು ಅಂತರ ಇದೆ ಎಂಬುದನ್ನು ಕರ್ನಾಟಕದ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಕಾಣಬಹುದು. 2020ರ ತಿದ್ದುಪಡಿಯಲ್ಲಿ ಪರಿವಾರ, ತಳವಾರ ಎಂಬ ಹೆಸರುಗಳು ಹೊಸ ನಮೂದುಗಳಾಗಿ ಬರಲಿಲ್ಲ. 38ನೇ ನಮೂದಿನ ನಾಯಕ ಎಂಬುದರ ಒಳಗೆ ಸೇರಿದವು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಬದುಕುವ ಸಿದ್ದಿಗಳದು 50ನೇ ನಮೂದು. 2003ರಲ್ಲಿ ಅದು ಸೇರಿದಾಗ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಮಾತು ಕಂಸದೊಳಗಿತ್ತು. ಅದೇ 2020ರಲ್ಲಿ ಬೆಳಗಾವಿ, ಧಾರವಾಡ ಕಂಸದೊಳಗೆ ಬಂದವು. ಅಲ್ಲಿಯವರೆಗೆ ಹಳಿಯಾಳದ ಗಡಿ ದಾಟಿ ಕಲಘಟಗಿ ಕಡೆ ನೆಲೆಸಿದ ಸಿದ್ದಿ ಕುಟುಂಬ ಯಾದಿಯ ಹೊರಗಿತ್ತು. ಪಟ್ಟಿಯಲ್ಲಿ ಯಾವುದು ಯಾವುದರ ಒಳಗೆ ಎಂಬುದು ಜನರ ಪಾಲಿಗೆ ವಿದ್ಯಾರ್ಥಿವೇತನ, ಪ್ರಮಾಣಪತ್ರ, ಜಮೀನಿನ ಪ್ರಶ್ನೆ.

ಇನ್ನು ಹಂತ ಬದಲಿಸುವ ಮಾತಿಗೆ ಬರೋಣ. ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲು 11 ತಾಲ್ಲೂಕುಗಳಿದ್ದವು. ಹಳಿಯಾಳ ತಾಲ್ಲೂಕಿನೊಳಗಿದ್ದ ದಾಂಡೇಲಿ, 2017-18ರಲ್ಲಿ ರಾಜ್ಯದಲ್ಲಿ ಹೊಸ ತಾಲ್ಲೂಕುಗಳು ರಚನೆಯಾದಾಗ, ಹನ್ನೆರಡನೆಯದಾಯಿತು. ಅದಕ್ಕೂ ಹಿಂದಿನ ಒಂದು ಯಾದಿ ನಿಮ್ಮ ಮುಂದಿದೆ ಎಂದುಕೊಳ್ಳಿ:

ಹಳಿಯಾಳ
    – ತೇರಗಾಂವ
    – ದಾಂಡೇಲಿ
        – ಅಂಬೇವಾಡಿ
        – ಆಲೂರು
    – ಮುರ್ಕವಾಡ
    – ಸಾಂಬ್ರಾಣಿ

ದಾಂಡೇಲಿ ಎಂಬ ಸಾಲಿನ ಮೇಲೆ ನಿಂತು ಶಿಫ್ಟ್ ಮತ್ತು ಟ್ಯಾಬ್ ಒತ್ತಿದರೆ ಅದು ಒಂದು ಹಂತ ಎಡಕ್ಕೆ ಬಂದು ಹಳಿಯಾಳದ ಸಮಕ್ಕೆ ನಿಲ್ಲುತ್ತದೆ. ಬೇಕಾದದ್ದೂ ಅದೇ. ಆದರೆ ಅಂಬೇವಾಡಿ, ಆಲೂರು ಅದರ ಜೊತೆ ಸರಿಯಬೇಕೋ ಬೇಡವೋ? ಅವು ಇದ್ದಲ್ಲೇ ಉಳಿದರೆ ದಾಂಡೇಲಿಗೂ ಅವುಗಳಿಗೂ ನಡುವೆ ಒಂದು ಹಂತ ಖಾಲಿ ಬಿದ್ದು ಮೊಮ್ಮಕ್ಕಳಂತೆ ಕಾಣುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಕೆಳಗಿದೆ. ಮುರ್ಕವಾಡವನ್ನಾಗಲಿ ಸಾಂಬ್ರಾಣಿಯನ್ನಾಗಲಿ ಯಾರೂ ಮುಟ್ಟಿಲ್ಲ. ಆದರೂ ಈಗ ಅವುಗಳ ಮೇಲಿರುವ ತಾಲ್ಲೂಕು ದಾಂಡೇಲಿ! ಹಳಿಯಾಳದ ಎರಡು ಊರುಗಳು ಯಾರೂ ಹೇಳದೆ ತಾಲ್ಲೂಕು ಬದಲಿಸಿದವು.

ಬಹುತೇಕ ವರ್ಡ್ ಪ್ರೊಸೆಸರುಗಳು ಇದನ್ನು ಸುಮ್ಮನೆ ಮಾಡಿಬಿಡುತ್ತವೆ. 2003ರಲ್ಲಿ ಕಾರ್ಸ್ಟೆನ್ ಡೊಮಿನಿಕ್ ಎಂಬ ಖಗೋಳವಿಜ್ಞಾನಿ ಶುರು ಮಾಡಿದ ಆರ್ಗ್ ಮೋಡ್ ಎಂಬ ಸಾದಾ ಪಠ್ಯದ ಸಾಧನ ಸ್ವಲ್ಪ ಬೇರೆ. ಒಳಪಟ್ಟಿ ಇರುವ ಸಾಲನ್ನು ಒಂಟಿಯಾಗಿ ಎಡಕ್ಕೆ ಎಳೆಯಲು ಹೋದರೆ, ಮಕ್ಕಳನ್ನು ಬಿಟ್ಟು ಇದನ್ನು ಸರಿಸಲಾಗದು ಎಂದು ಹೇಳಿ ಅದು ನಿಂತುಬಿಡುತ್ತದೆ. ಮಕ್ಕಳ ಸಮೇತ ಸರಿಸಲು ಬೇರೆಯೇ ಕೀಲಿಗಳಿವೆ. ಬಳಸುವವರಿಗೆ ಒಂದು ಹೆಚ್ಚುವರಿ ಹೆಜ್ಜೆ, ನಿಜ. ನನ್ನ ಅಭಿಪ್ರಾಯದಲ್ಲಿ ಆ ಹೆಜ್ಜೆ ಸಾರ್ಥಕ. ಎಡಿಟರ್ ಸಾಲನ್ನು ಸರಿಸಲಿ, ಬಣ್ಣ ಹಚ್ಚಲಿ, ಚುಕ್ಕೆಯನ್ನು ಅಡ್ಡಗೆರೆ ಮಾಡಲಿ. ಆದರೆ ಯಾವುದು ಯಾವುದಕ್ಕೆ ಸೇರಿದ್ದು ಎಂಬ ಸಂಬಂಧವನ್ನು ಬರೆದವರಿಗೆ ಹೇಳದೆ ಬದಲಿಸಬಾರದು.

ಈ ಚರ್ಚೆಯಲ್ಲಿ ಕನ್ನಡ ಸೇರಿದೊಡನೆ ಇನ್ನೊಂದು ಪದರ ತೆರೆಯುತ್ತದೆ. ಸಾದಾ ಪಠ್ಯದ ಎಡಿಟರುಗಳು ಹುಟ್ಟಿದ್ದು, ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಇರುವ ಪರದೆಗಳ ಮೇಲೆ. ರೋಮನ್ ಲಿಪಿಯಲ್ಲಿ ಹತ್ತು ಅಕ್ಷರ ಎಣಿಸಿದರೆ ಹತ್ತು ಮನೆ ಮುಂದೆ ಹೋದಂತೆ. ಕನ್ನಡದಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಅಕ್ಷರ ಸಂಕೇತಗಳ ಮಾನಕವಾದ ಯುನಿಕೋಡ್‌ನಲ್ಲಿ ‘ದಾಂಡೇಲಿ’ ಎಂಬುದು ಏಳು ಸಂಕೇತಗಳ ಸಾಲು: ದ, ಆ-ಕಾರದ ಗುರುತು, ಸೊನ್ನೆ, ಡ, ಏ-ಕಾರದ ಗುರುತು, ಲ, ಇ-ಕಾರದ ಗುರುತು. ನಮ್ಮ ಕಣ್ಣಿಗೆ ಅಲ್ಲಿರುವುದು ದಾಂ, ಡೇ, ಲಿ ಎಂಬ ಮೂರೇ. ‘ಹಳಿಯಾಳ’ದಲ್ಲಿ ಸಂಕೇತಗಳು ಆರು, ಕಣ್ಣಿಗೆ ಕಾಣುವುದು ನಾಲ್ಕು. ಯಂತ್ರದ ಎಣಿಕೆಯಲ್ಲಿ ದಾಂಡೇಲಿ ಉದ್ದ, ನಮ್ಮ ಎಣಿಕೆಯಲ್ಲಿ ಹಳಿಯಾಳ ಉದ್ದ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ. ಹೀಗಿರುವಾಗ ಸಂಕೇತಗಳನ್ನು ಎಣಿಸಿ ‘ಮೇಲಿನ ಮಾತು ಶುರುವಾದ ನೇರ’ ಇದೇ ಎಂದು ತೀರ್ಮಾನಿಸುವ ಎಡಿಟರ್, ಗುರುತು ಕನ್ನಡದ್ದಾದರೆ ಎಡವುತ್ತದೆ. ‘ಅ)’ ಮತ್ತು ‘ಈ)’ ಎರಡರಲ್ಲೂ ಎರಡೆರಡು ಸಂಕೇತ, ಆದರೆ ಅಚ್ಚಿನಲ್ಲಿ ಅವುಗಳ ಅಗಲ ಒಂದೇ ಅಲ್ಲ. ಸ್ಪೇಸ್ ಒತ್ತಿ ಹೊಂದಿಸಿದ ಅಂಕಣ ಒಂದು ಫಾಂಟಿನಲ್ಲಿ ನೇರವಾಗಿ, ಇನ್ನೊಂದರಲ್ಲಿ ಸೊಟ್ಟಗೆ ಕಾಣುವುದು ಇದರಿಂದ.

ಹಳೆಯ ನುಡಿ, ಬರಹ ಫಾಂಟುಗಳ ಕಡತವನ್ನು ಯುನಿಕೋಡಿಗೆ ಪರಿವರ್ತಿಸಿದವರಿಗೆ ಈ ಅನುಭವ ಹೊಸದಲ್ಲ. ಅಕ್ಷರಗಳೇನೋ ಸರಿಯಾಗಿ ಬರುತ್ತವೆ. ಆದರೆ ಸಭೆಯ ನಡಾವಳಿಯಲ್ಲಿ ‘ಅ.ನಂ.’, ‘ವಿಷಯ’, ‘ಷರಾ’ ಎಂದು ಟೈಪಿಸ್ಟ್ ಸ್ಪೇಸ್ ಒತ್ತಿ ಒತ್ತಿ ನಿಲ್ಲಿಸಿದ್ದ ಸಾಲುಗಳು ಅತ್ತಿತ್ತ ಸರಿದಿರುತ್ತವೆ. ಅಕ್ಷರಗಳ ಅಗಲ ಬದಲಾಯಿತು, ಸ್ಪೇಸ್‌ಗಳ ಸಂಖ್ಯೆ ಹಾಗೆಯೇ ಉಳಿಯಿತು. ಅ.ನಂ. 4ರ ಷರಾ 5ರ ಮುಂದೆ ಬಂದು ಕೂತರೆ ಯಾವ ಠರಾವು ಮಂಜೂರು, ಯಾವುದು ಮುಂದಕ್ಕೆ ಎಂಬುದೇ ತಿರುಗಿಬಿಡುತ್ತದೆ. ಪಂಚಾಯ್ತಿಯ ಡಾಟಾ ಎಂಟ್ರಿ ಆಪರೇಟರ್ ಇದಕ್ಕೆ ಹೊಣೆಯಲ್ಲ. ಹಂತವನ್ನು ಹಂತವಾಗಿ ದಾಖಲಿಸುವ ಸುಲಭ ದಾರಿಯನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಖಾಲಿ ಜಾಗವನ್ನು ನಂಬದೆಯೇ ಆಳವಾದ ಒಳಪಟ್ಟಿಗಳನ್ನು ಕಾಪಾಡಿದ ಒಂದು ಪರಂಪರೆ ನಮ್ಮ ನೆರೆಯಲ್ಲೇ ಇದೆ. ಮುಂಡಗೋಡದ ಟಿಬೆಟನ್ ನೆಲೆ ಆರಂಭವಾದದ್ದು 1966ರಲ್ಲಿ. ಲಾಸಾದ ಬಳಿ 1409ರಲ್ಲಿ ತ್ಸೊಂಗ್‌ಖಾಪ ಸ್ಥಾಪಿಸಿದ ಗಾಂದೆನ್, 1416ರಲ್ಲಿ ಅವರ ಶಿಷ್ಯರು ಸ್ಥಾಪಿಸಿದ ಡ್ರೆಪುಂಗ್ ಈಗ ಇಲ್ಲಿ ಮರುಹುಟ್ಟು ಪಡೆದು ಸಾವಿರಾರು ಭಿಕ್ಷುಗಳಿಗೆ ಪಾಠ ಹೇಳುತ್ತಿವೆ. ಅಲ್ಲಿ ಓದುವ ಗ್ರಂಥಗಳು ಪೇಚಾ ಎಂಬ ಉದ್ದನೆಯ ಬಿಡಿ ಹಾಳೆಗಳಲ್ಲಿರುತ್ತವೆ. ಅಂಚಿನಿಂದ ಅಂಚಿಗೆ ಅಕ್ಷರ. ಪ್ಯಾರಾ ಇಲ್ಲ, ಒಳಕ್ಕೆ ಸರಿದ ಸಾಲಿಲ್ಲ. ಆದರೂ ತ್ಸೊಂಗ್‌ಖಾಪ 1402ರಲ್ಲಿ ಮುಗಿಸಿದ ‘ಲಾಮ್‌ರಿಮ್ ಚೆನ್ಮೊ’ದಂಥ ಗ್ರಂಥದ ವಿಷಯ ವಿಭಾಗ ಮರದ ಕೊಂಬೆಗಳಂತೆ ಹಂತ ಹಂತವಾಗಿ ಒಳಗಿಳಿಯುತ್ತದೆ. ಇದಕ್ಕೆ ಸಬ್ಚೆ ಎಂದು ಹೆಸರು. ಇದರಲ್ಲಿ ನಾಲ್ಕು ಭಾಗ, ಮೊದಲನೆಯದರಲ್ಲಿ ಎರಡು, ಅವುಗಳಲ್ಲಿ ಮೊದಲನೆಯದು ಇಂಥದ್ದು ಎಂದು ಮಾತಿನಲ್ಲೇ ಹೇಳಿಕೊಂಡು ಹೋಗುವ ಕ್ರಮ. ಎಷ್ಟು ಮಕ್ಕಳು ಬರಲಿದ್ದಾರೆ ಎಂಬುದನ್ನು ತಾಯಿಯೇ ಮೊದಲು ಹೇಳಿಬಿಡುತ್ತಾಳೆ. ಹಾಗಾಗಿ ಒಂದು ತಪ್ಪಿದರೂ ಓದುವವನಿಗೆ ಗೊತ್ತಾಗುತ್ತದೆ.

ಈ ಕ್ರಮದಿಂದ ನಾವು ಕಲಿಯಬೇಕಾದದ್ದು ಬಹಳ ಇದೆ, ಅದರಲ್ಲೂ ಕಾಗದ ಕಿರಿದಾದಾಗ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಎರಡೂ ಕಡೆ ಒಂದೊಂದು ಇಂಚು ಅಂಚು ಬಿಟ್ಟರೆ ಉಳಿಯುವುದು 16ಕ್ಕಿಂತ ಕೊಂಚ ಕಡಿಮೆ. ಹಂತಕ್ಕೆ ಅರ್ಧ ಇಂಚಿನಂತೆ ಒಳಕ್ಕೆ ಸರಿಯುತ್ತ ಹೋದರೆ ಐದನೆಯ ಹಂತಕ್ಕೆ 6 ಸೆಂಟಿಮೀಟರ್‌ಗಿಂತ ಹೆಚ್ಚು ಖಾಲಿ ಹೋಗಿರುತ್ತದೆ. ಪ್ರತ್ಯಯಗಳು ಅಂಟಿ ಉದ್ದವಾಗುವ ಕನ್ನಡ ಪದಗಳು ಅಷ್ಟು ಕಿರಿದಾದ ಜಾಗದಲ್ಲಿ ಕೂರುವುದಿಲ್ಲ. ಸಾಲಿಗೆ ಕೆಲವೇ ಪದ ಬಿದ್ದು ಓದು ಕುಂಟುತ್ತದೆ. ಮೊಬೈಲಿನಲ್ಲಂತೂ ಮೂರನೆಯ ಹಂತಕ್ಕೇ ಉಸಿರು ಕಟ್ಟುತ್ತದೆ. ಜೋಯಿಡಾದ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವ ದಿಣ್ಣೆಯ ಮೇಲೆ ನಿಂತು ವಾಟ್ಸ್‌ಆಪಿನಲ್ಲಿ ಸಭೆಯ ತಿಳುವಳಿಕೆ ಪತ್ರ ಓದುವವರಿಗೆ ಐದು ಹಂತದ ಪಟ್ಟಿ ಕಳಿಸಿ ಪ್ರಯೋಜನವಿಲ್ಲ. ಆದ್ದರಿಂದ ಎರಡು ಅಥವಾ ಮೂರು ಹಂತದವರೆಗೆ ಜಾಗ ಬಿಡೋಣ. ಅದರಾಚೆಗೆ ಸರ್ವೆ ನಂಬರಿನಂತೆ ಪೂರ್ತಿ ದಾರಿಯನ್ನು ಗುರುತಿನಲ್ಲೇ ಬರೆಯೋಣ: 3(2)(ಎಲ್) ಎಂದರೆ ರಸ್ತೆ, ಎಲ್ಲಿ ಅಂಟಿಸಿದರೂ ರಸ್ತೆಯೇ.

ಅಂಟಿಸುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ವರ್ಡ್‌ನಂಥ ತಂತ್ರಾಂಶ ತಾನಾಗಿ ಹಾಕಿದ ಸಂಖ್ಯೆ ಕಡತದಲ್ಲಿ ಅಕ್ಷರವಾಗಿ ಇರುವುದಿಲ್ಲ, ಪ್ರತಿ ಸಲ ಲೆಕ್ಕ ಹಾಕಿ ತೋರಿಸುವಂಥದ್ದು. ಬೇರೆ ಆ್ಯಪಿಗೆ ನಕಲು ಮಾಡಿದಾಗ ಅದು ಕೆಲವೊಮ್ಮೆ ಬಿದ್ದುಹೋಗುತ್ತದೆ, ಕೆಲವೊಮ್ಮೆ ಮತ್ತೆ 1ರಿಂದ ಶುರುವಾಗುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರಿಗೆ ಇದರ ವಿರುದ್ಧ ತೊಂದರೆ. ನಿಜವಾದ ಪಟ್ಟಿಯಾಗಿದ್ದರೆ ಅದು ‘ಐದು ಸಾಲಿನ ಪಟ್ಟಿ’ ಎಂದು ಮೊದಲೇ ಹೇಳಿ, ಒಳಪಟ್ಟಿ ಬಂದಾಗ ಅದನ್ನೂ ತಿಳಿಸಬಲ್ಲದು. ಸ್ಪೇಸ್ ಒತ್ತಿ ಮಾಡಿದ ಪಟ್ಟಿಯಲ್ಲಿ ಅದಕ್ಕೆ ಏನೂ ತಿಳಿಯುವುದಿಲ್ಲ. ಎಲ್ಲವೂ ಒಂದೇ ಉಸಿರಿನ ವಾಕ್ಯ.

ಹಂತ ಕಾಣದಿದ್ದರೆ ಪ್ರಶ್ನೆ ಕೇಳುವ ದಾರಿಯೂ ಮುಚ್ಚುತ್ತದೆ ಎಂಬುದಕ್ಕೆ 2008ರ ಅರಣ್ಯ ಹಕ್ಕು ನಿಯಮಗಳ 13ನೇ ನಿಯಮವನ್ನು ನೋಡಿ. ಯಾವ ಯಾವ ಪುರಾವೆ ಕೊಡಬಹುದು ಎಂದು ಅದರಲ್ಲಿ ಒಂಬತ್ತು ಖಂಡಗಳಿವೆ. ಅವುಗಳಲ್ಲಿ ಕೆಲವು: ಗೆಜೆಟಿಯರ್, ಜನಗಣತಿಯಂಥ ಸಾರ್ವಜನಿಕ ದಾಖಲೆ; ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡಿನಂಥ ಸರ್ಕಾರಿ ದಾಖಲೆ; ಮನೆ, ಬದು, ಒಡ್ಡಿನಂಥ ನೆಲದ ಮೇಲಿನ ಗುರುತು; ಬಾವಿ, ಸ್ಮಶಾನ, ದೇವರ ತಾಣ; ವಂಶಾವಳಿ; ಕೊನೆಗೆ ಹಕ್ಕುದಾರರಲ್ಲದ ಹಿರಿಯರು ಹೇಳಿ ಬರೆಸಿದ ಮಾತು. ಇವುಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಗ್ರಾಮಸಭೆ ಮತ್ತು ಮೇಲಿನ ಸಮಿತಿಗಳು ಪರಿಗಣಿಸಬೇಕು ಎನ್ನುತ್ತದೆ ನಿಯಮ. ಮತದಾರರ ಗುರುತಿನ ಚೀಟಿಯೂ ರೇಷನ್ ಕಾರ್ಡೂ ಒಂದೇ ಖಂಡದೊಳಗಿವೆ. ಅವು ಎರಡು ಪುರಾವೆಗಳೋ ಒಂದೋ? ಬಾವಿಯನ್ನೂ ಹಿರಿಯರ ಹೇಳಿಕೆಯನ್ನೂ ಜೊತೆಗಿಟ್ಟರೆ ಅರ್ಜಿ ಗಟ್ಟಿಯಾಗುವುದಿಲ್ಲವೇ? ಎಲ್ಲವನ್ನೂ ಒಂದೇ ನೇರಕ್ಕೆ 1ರಿಂದ 25ರವರೆಗೆ ಚಪ್ಪಟೆಯಾಗಿ ಬರೆದ ಕರಪತ್ರ ಓದಿದ ಕುಣಬಿ ರೈತನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಖಂಡಗಳು ಒಂದು ನೇರಕ್ಕೆ, ಅವುಗಳೊಳಗಿನ ದಾಖಲೆಗಳು ಒಂದು ಹಂತ ಒಳಕ್ಕೆ ನಿಂತರೆ ಅವನು ತಾನಾಗಿಯೇ ಬೇರೆ ಬೇರೆ ಖಂಡಗಳಿಂದ ಒಂದೊಂದನ್ನು ಹುಡುಕತೊಡಗುತ್ತಾನೆ.

ಈಗಿರುವ ಸಾಧನಗಳಲ್ಲೇ ಎಷ್ಟೋ ಮಾಡಬಹುದು. ವರ್ಡ್, ಲಿಬ್ರೆ ಆಫೀಸ್, ಗೂಗಲ್ ಡಾಕ್ಸ್ ಮೂರರಲ್ಲೂ ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಹೊಸ ಸಂಖ್ಯೆ ಬಾರದೆ ಅದೇ ಸಾಲಿನ ಒಳಗೆ ಹೊಸ ಗೆರೆ ಸಿಗುತ್ತದೆ; ‘ಒ’ ಖಂಡದ ವಿವರಣೆಯಂಥದ್ದಕ್ಕೆ ಅದು ಸರಿ. ಖಾಲಿ ಸಾಲಿನ ಮೇಲೆ ಇನ್ನೊಮ್ಮೆ ಎಂಟರ್ ಒತ್ತಿದರೆ ಪಟ್ಟಿಯಿಂದ ಹೊರಬರಬಹುದು. ‘ಪರಂತು’ ಬರೆಯಬೇಕಾದದ್ದು ಅಲ್ಲಿ. ಎಡಿಟರ್ ಕೇಳದೆ ಪಟ್ಟಿ ಮಾಡಿದಾಗ ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ನಿಮ್ಮ ಅಕ್ಷರಗಳು ಉಳಿದು ಅದು ಮಾಡಿದ ಬದಲಾವಣೆ ಮಾತ್ರ ಹೋಗುತ್ತದೆ. ಸಂಖ್ಯೆಗಳು ಹೆಸರುಗಳಾಗಿರುವಲ್ಲಿ, ಅಂದರೆ ಪ್ರಕರಣ, ಸರ್ವೆ ನಂಬರು, ಕ್ಯಾಂಪ್ ನಂಬರುಗಳಲ್ಲಿ, ತಾನಾಗಿ ಎಣಿಸುವ ಸೌಲಭ್ಯವನ್ನು ನಿಲ್ಲಿಸಿ ಕೈಯಿಂದಲೇ ಬರೆಯಬೇಕು. ಠರಾವಿನ ನಮೂನೆಯನ್ನು ತಾಲ್ಲೂಕು ಪಂಚಾಯ್ತಿಯೇ ಒಮ್ಮೆ ಸರಿಯಾದ ಹಂತಗಳೊಡನೆ ಸಿದ್ಧಪಡಿಸಿ ಎಲ್ಲ ಗ್ರಾಮ ಪಂಚಾಯ್ತಿಗಳಿಗೆ ಕೊಟ್ಟರೆ ಸ್ಪೇಸ್ ಒತ್ತುವ ಕಷ್ಟವೇ ತಪ್ಪುತ್ತದೆ.

ತಂತ್ರಾಂಶ ಬರೆಯುವವರಿಂದ ಕೇಳಬೇಕಾದದ್ದೂ ದುಬಾರಿಯಲ್ಲ. ವೆಬ್ ಪುಟಗಳ ವಿನ್ಯಾಸದ ಮಾನಕವಾದ ಸಿಎಸ್‌ಎಸ್‌ನಲ್ಲಿ ಪಟ್ಟಿಗೆ ‘ಕನ್ನಡ’ ಎಂಬ ಹೆಸರಿನ ಎಣಿಕೆಯ ಶೈಲಿಯೇ ಇದೆ. ಅದನ್ನು ಆರಿಸಿದರೆ ೧, ೨, ೩ ಎಂದು ಬರುತ್ತದೆ. ಅ, ಆ, ಇ ಎಂಬ ಸರಣಿ ಬೇಕಿದ್ದವರು ಅದೇ ಮಾನಕದ ದಾರಿಯಲ್ಲಿ ತಾವೇ ಹೇಳಿಕೊಡಬಹುದು. ತೋರಿಸುವ ಕಡೆ ಇರುವ ಈ ಸೌಕರ್ಯ ಬರೆಯುವ ಕಡೆಗೂ ಬರಬೇಕು. ಯುನಿಕೋಡಿನಲ್ಲಿ ೦ಯಿಂದ ೯ರವರೆಗಿನ ಹತ್ತೂ ಗುರುತುಗಳ ಮುಂದೆ ಅವು ದಶಮಾನ ಅಂಕಿಗಳೆಂದೂ ಅವುಗಳ ಬೆಲೆ ಇಷ್ಟಿಷ್ಟೆಂದೂ ಆಗಲೇ ನಮೂದಾಗಿದೆ. ‘೧.’ ಎಂಬುದನ್ನು ಪಟ್ಟಿಯ ಆರಂಭವೆಂದು ಗುರುತಿಸಲು ಎಡಿಟರಿಗೆ ಹೊಸ ಕೋಷ್ಟಕವೇನೂ ಬೇಕಿಲ್ಲ, ಇರುವುದನ್ನು ಓದಿದರೆ ಸಾಕು. ಗುರುತಿನ ಅಗಲವನ್ನು ಸಂಕೇತಗಳ ಎಣಿಕೆಯಿಂದಲ್ಲದೆ ಪರದೆಯ ಮೇಲೆ ಅದು ಹಿಡಿಯುವ ಜಾಗದಿಂದ ಅಳೆಯುವುದು ಎರಡನೆಯ ಕೆಲಸ. ಈ ಎರಡನ್ನೂ ಕೋರಿ ಬರೆಯಲು ಕನ್ನಡ ಟೈಪ್ ಮಾಡುವ ಯಾರಿಗೂ ಅಡ್ಡಿಯಿಲ್ಲ. ಮುಕ್ತ ತಂತ್ರಾಂಶಗಳಾದರೆ ಬರೆದು ಕಾಯಬೇಕೆಂದೂ ಇಲ್ಲ. ಕೋಡ್ ಬಲ್ಲ ನಮ್ಮ ಹುಡುಗ ಹುಡುಗಿಯರೇ ತಿದ್ದಿ ಕಳಿಸಬಹುದು.